ಅಗ್ನಿಶಾಮಕ ವೃತ್ತಿಯಲ್ಲಿ ಮಹಿಳೆಯರು

ಬೆಂಕಿ ನಂದಿಸುವುದು, ಕುಸಿದ ಕಟ್ಟಡ, ನಜ್ಜುಗುಜ್ಜಾದ ವಾಹನ, ನೆರೆನೀರು ಇವುಗಳಲ್ಲಿ ಸಿಕ್ಕಿಕೊಂಡವರನ್ನು ಹೊರತರುವುದು ಅಗ್ನಿಶಾಮಕ ದಳದ ಕೆಲಸ. ಈ ಕೆಲಸದಲ್ಲಿ ಮಹಿಳೆಯರು ಇದ್ದುದಕ್ಕೆ ಸುಮಾರು 200 ವರ್ಷಗಳ ದಾಖಲೆ ಸಿಗುತ್ತದೆ. ಸಂಬಳದ ಕಾಯಂ ನೌಕರಿಯಾಗಿ ಅದು ಅವರಿಗೆ ದಕ್ಕಿದ್ದು ಮಾತ್ರ ತೀರಾ ಈಚೆಗೆ: ಅಮೆರಿಕ ಮತ್ತು ಬ್ರಿಟನ್ನಿನಲ್ಲಿ 1970ರ ದಶಕದಿಂದ, ಭಾರತದಲ್ಲಿ 2000ದ ನಂತರ. ನಡುವಿನ ಒಂದೂವರೆ ಶತಮಾನ ಬೆಂಕಿ ಬಿದ್ದಾಗ ಹೆಂಗಸರು ಓಡಿ ಬಂದರು, ಬೆಂಕಿ ಆರಿದ ಮೇಲೆ ಮನೆಗೆ ಹೋದರು. ಠಾಣೆಯೊಳಗೆ ಅವರಿಗೆ ಮಂಚವಿರಲಿಲ್ಲ.

ಇಂಗ್ಲಿಷಿನಲ್ಲಿ ಈ ವೃತ್ತಿಯ ಹೆಸರೇ ಒಂದು ಜಗಳವಾಯಿತು. ‘ಫೈರ್‌ಮನ್’ ಎಂದರೆ ಗಂಡಸು. ಹೆಂಗಸು ಬಂದ ಮೇಲೆ ಅದನ್ನು ‘ಫೈರ್‌ಫೈಟರ್’ ಎಂದು ಬದಲಿಸಬೇಕಾಯಿತು. ಬದಲಿಸಲು ಒಪ್ಪದವರು ಇವತ್ತಿಗೂ ಇದ್ದಾರೆ. ಬ್ರಿಟನ್ನಿನ ಮಕ್ಕಳ ಕಾರ್ಟೂನ್ ‘ಫೈರ್‌ಮನ್ ಸ್ಯಾಮ್’ ಹೆಸರು ಸರಿಯೇ ಎಂಬುದು ಅಲ್ಲಿನ ಪತ್ರಿಕೆಗಳಲ್ಲಿ ದಿನಗಟ್ಟಲೆ ಚರ್ಚೆಯಾದದ್ದುಂಟು. ಕನ್ನಡಕ್ಕೆ ಈ ತಲೆನೋವು ಇಲ್ಲ. ‘ಅಗ್ನಿಶಾಮಕ’ ಎಂಬ ನಮ್ಮ ಸರ್ಕಾರಿ ಹುದ್ದೆಯ ಹೆಸರಿಗೆ ಬಳಕೆಯಲ್ಲಿ ಲಿಂಗವಿಲ್ಲ. ವರದಿಗಾರರ ‘ಸಿಬ್ಬಂದಿ’ಗೂ, ಜನರ ಬಾಯಿಯ ‘ಫೈರ್‌ನವರು’ ಎಂಬುದಕ್ಕೂ ಇಲ್ಲ. ಪದ ಎಂದೋ ಬಾಗಿಲು ತೆರೆದು ಕೂತಿದೆ. ಒಳಗೆ ಯಾರು ಹೋದರು ಎಂಬುದು ಬೇರೆ ಮಾತು.

ಹಗ್ಗ ಎಳೆದವರು

ದಾಖಲೆಯಲ್ಲಿ ಸಿಗುವ ಮೊದಲ ಹೆಸರು ಮಾಲಿ ವಿಲಿಯಮ್ಸ್. ಈಕೆ ನ್ಯೂಯಾರ್ಕಿನಲ್ಲಿ ಬೆಂಜಮಿನ್ ಐಮಾರ್ ಎಂಬ ವರ್ತಕನ ಮನೆಯಲ್ಲಿದ್ದ ಕಪ್ಪು ಗುಲಾಮ ಹೆಣ್ಣು. ಐಮಾರ್ ಅಲ್ಲಿನ ‘ಓಷನಸ್ ಎಂಜಿನ್ ಕಂಪನಿ ನಂ. 11’ ಎಂಬ ಸ್ವಯಂಸೇವಕ ದಳದ ಸದಸ್ಯ. ಆ ಕಾಲದ ಫೈರ್ ಇಂಜಿನ್ ಎಂದರೆ ಚಕ್ರದ ಮೇಲಿನ ಕೈಪಂಪು. ಕುದುರೆಯೂ ಇಲ್ಲ, ಉಗಿಯೂ ಇಲ್ಲ. ಮುಂದೆ ಕಟ್ಟಿದ ಉದ್ದನೆಯ ಹಗ್ಗಕ್ಕೆ ಆಳುಗಳು ಸಾಲಾಗಿ ನಿಂತು, ನಮ್ಮಲ್ಲಿ ತೇರು ಎಳೆದಂತೆ ಎಳೆದುಕೊಂಡು ಹೋಗಬೇಕು. 1818ರ ಹಿಮಗಾಳಿಯಲ್ಲಿ ದಳದ ಗಂಡಸರು ಬಹಳಷ್ಟು ಮಂದಿ ಕಾಯಿಲೆ ಬಿದ್ದಿದ್ದಾಗ, ಮಾಲಿ ಹತ್ತಿ ಬಟ್ಟೆಯ ಲಂಗ, ಚೌಕುಳಿ ಏಪ್ರನ್ ತೊಟ್ಟು ಆ ಹಗ್ಗ ಹಿಡಿದು ಹಿಮದಲ್ಲಿ ಪಂಪನ್ನು ಎಳೆದಳೆಂದು ದಳದ ನೆನಪುಗಳು ಹೇಳುತ್ತವೆ. ದಳದವರು ಆಕೆಯನ್ನು ‘ವಾಲಂಟಿಯರ್ ನಂ. 11’ ಎಂದು ಕರೆದರು. ಸ್ವಯಂಸೇವಕಿ ಎಂಬ ಬಿರುದು ಗುಲಾಮಳಿಗೆ! ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡದ್ದು 1827ರಲ್ಲಿ.

ಇದೇ ಹಗ್ಗವನ್ನು 40 ವರ್ಷಗಳ ಮೇಲೆ ಇನ್ನೊಬ್ಬಳು ಹಿಡಿದಳು. ಆಕೆಯ ಕಥೆಯ ಗತಿ ಬೇರೆಯೇ ಆಯಿತು. ಲಿಲ್ಲಿ ಹಿಚ್‌ಕಾಕ್ ಸ್ಯಾನ್ ಫ್ರಾನ್ಸಿಸ್ಕೊದ ಸಿರಿವಂತರ ಮಗಳು. 1858ರಲ್ಲಿ, 15ರ ಪ್ರಾಯದಲ್ಲಿ, ‘ನಿಕರ್‌ಬಾಕರ್ ನಂ. 5’ ದಳ ಸಾಕಷ್ಟು ಜನರಿಲ್ಲದೆ ಗುಡ್ಡ ಹತ್ತಲು ಏಗುತ್ತಿದ್ದುದನ್ನು ಕಂಡು, ಶಾಲೆಯ ಪುಸ್ತಕ ಬಿಸಾಡಿ ಹಗ್ಗಕ್ಕೆ ಕೈಹಾಕಿದಳು, ದಾರಿಹೋಕರನ್ನೂ ಕೂಗಿ ಕರೆದಳು ಎಂಬುದು ಅಲ್ಲಿ ಮನೆಮಾತಾದ ಕಥೆ. 1863ರಲ್ಲಿ ದಳ ಆಕೆಯನ್ನು ಗೌರವ ಸದಸ್ಯೆಯಾಗಿ ಮಾಡಿಕೊಂಡಿತು. ಮುಂದೆ ಕಾಯ್ಟ್ ಎಂಬುವನನ್ನು ಮದುವೆಯಾದ ಆಕೆ ಸಹಿಯ ಪಕ್ಕದಲ್ಲಿ ‘5’ ಎಂದು ಬರೆಯುತ್ತಿದ್ದಳು. 1929ರಲ್ಲಿ ತೀರಿಕೊಂಡಾಗ ಆಸ್ತಿಯ ಮೂರನೇ ಒಂದು ಪಾಲನ್ನು ಊರಿನ ಅಂದಕ್ಕೆಂದು ಬಿಟ್ಟುಹೋದಳು. ಆ ಹಣದಲ್ಲಿ 1933ರಲ್ಲಿ ಎದ್ದದ್ದೇ ಟೆಲಿಗ್ರಾಫ್ ಗುಡ್ಡದ ಮೇಲಿನ 210 ಅಡಿಯ ಕಾಯ್ಟ್ ಗೋಪುರ. ಅದು ಹೋಸ್ ಪೈಪಿನ ಮೂತಿಯ ಆಕಾರದಲ್ಲಿದೆ ಎಂದು ಪ್ರವಾಸಿಗರಿಗೆ ಹೇಳುವ ರೂಢಿ. ಕಟ್ಟಿದವರ ಮನಸ್ಸಿನಲ್ಲಿ ಅದು ಇರಲಿಲ್ಲ. ಒಬ್ಬಳಿಗೆ ಗೋಪುರ, ಇನ್ನೊಬ್ಬಳಿಗೆ ಬರೀ ದಂತಕಥೆ. ಎಳೆದ ಹಗ್ಗ ಮಾತ್ರ ಒಂದೇ ಬಗೆಯದು.

ಇಂಗ್ಲೆಂಡಿನಲ್ಲಿ ಹೆಂಗಸರದೇ ದಳವೊಂದು ಹುಟ್ಟಿದ್ದು ಕಾಲೇಜಿನಲ್ಲಿ. ಕೇಂಬ್ರಿಜ್‌ನ ಗರ್ಟನ್ ಮಹಿಳಾ ಕಾಲೇಜು ಊರಿನಿಂದ ದೂರ, ದಳ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಾಗಾಗಿ 1878ರಿಂದ ವಿದ್ಯಾರ್ಥಿನಿಯರೇ ಬಕೆಟ್ ಸಾಲು, ಕೈಪಂಪು, ಹೋಸ್ ಜೋಡಣೆ ಅಭ್ಯಾಸ ಮಾಡಿದರು, ಅದೂ ನೆಲ ಗುಡಿಸುವಂಥ ಉದ್ದ ಲಂಗದಲ್ಲಿ. ಲಂಡನ್ ದಳದ ಮುಖ್ಯಸ್ಥ ಕ್ಯಾಪ್ಟನ್ ಶಾ ಅವರ ಸಲಹೆ ಇವರಿಗಿತ್ತು. ನಗರದ ದಳಗಳಲ್ಲಿ ಮಾತ್ರ ಆ ಹೊತ್ತಿಗೆ ಹೆಣ್ಣಿನ ನೆರಳೂ ಬೀಳುವಂತಿರಲಿಲ್ಲ.

ಯುದ್ಧ ತೆರೆದ ಬಾಗಿಲು, ಶಾಂತಿ ಮುಚ್ಚಿದ ಬಾಗಿಲು

ಎರಡನೇ ಮಹಾಯುದ್ಧದ ಮುನ್ನ, 1938ರಲ್ಲಿ, ಬ್ರಿಟನ್ ‘ಸಹಾಯಕ ಅಗ್ನಿಶಾಮಕ ದಳ’ ಕಟ್ಟಿ ಮಹಿಳೆಯರನ್ನೂ ಸೇರಿಸಿಕೊಂಡಿತು. ಅವರ ಪಾಲಿಗೆ ಬಂದದ್ದು ದೂರವಾಣಿ, ವಾಹನ ಚಾಲನೆ, ಮೋಟರ್‌ಸೈಕಲ್ಲಿನಲ್ಲಿ ಸಂದೇಶ ಒಯ್ಯುವುದು, ಅಡುಗೆ. ಇವೆಲ್ಲ ‘ಹಿಂದಿನ ಸಾಲಿನ’ ಕೆಲಸಗಳೆಂದು ಕಾಗದದ ಮೇಲೆ ಇತ್ತು. ಬಾಂಬು ಬೀಳುವ ಊರಿನಲ್ಲಿ ಹಿಂದಿನ ಸಾಲು ಯಾವುದು? 1940ರ ಸೆಪ್ಟೆಂಬರ್ 20ರ ರಾತ್ರಿ ಲಂಡನ್ನಿನ ಬರ್ಮಂಡ್ಸಿಯಲ್ಲಿ ಆರು ಕಡೆ ದೊಡ್ಡ ಬೆಂಕಿ. ಪಂಪುಗಳು ಪೆಟ್ರೋಲಿನಿಂದ ನಡೆಯುವಂಥವು. ಪೆಟ್ರೋಲು ಮುಗಿದರೆ ನೀರೂ ನಿಂತಿತು. ಗಿಲಿಯನ್ ಟ್ಯಾನರ್ ಎಂಬ ಇಪ್ಪತ್ತರ ಆಸುಪಾಸಿನ ಹುಡುಗಿ 150 ಗ್ಯಾಲನ್, ಅಂದರೆ 680 ಲೀಟರಿನಷ್ಟು ಪೆಟ್ರೋಲನ್ನು ಡಬ್ಬಗಳಲ್ಲಿ ತುಂಬಿಕೊಂಡು, ಬಾಂಬುಗಳ ನಡುವೆ ಮೂರು ಗಂಟೆ ಕಾಲ ಒಂದು ಬೆಂಕಿಯಿಂದ ಇನ್ನೊಂದು ಬೆಂಕಿಗೆ ಲಾರಿ ಓಡಿಸಿದಳು. ಆಕೆಗೆ ಜಾರ್ಜ್ ಪದಕ ಸಿಕ್ಕಿತು. ನೀರಿನ ಪೈಪು ಹಿಡಿದವನಿಗಿಂತ ಪೆಟ್ರೋಲಿನ ಲಾರಿಯಲ್ಲಿ ಕೂತವಳ ಜೀವಕ್ಕೆ ಅಪಾಯ ಕಡಿಮೆ ಇತ್ತೆಂದು ಯಾರೂ ಹೇಳಲಾರರು.

ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಹೆಂಗಸರೂ ಶಾಲಾ ಹುಡುಗಿಯರೂ ಮಾಳಿಗೆಗಳ ಮೇಲೆ ಕಾವಲು ಕೂತು, ಬಿದ್ದ ಬೆಂಕಿಬಾಂಬುಗಳನ್ನು ಚಿಮಟದಲ್ಲಿ ಹಿಡಿದು ಮರಳಿಗೆ ಎಸೆಯುತ್ತಿದ್ದರು. ಪರ್ಲ್ ಹಾರ್ಬರಿನಲ್ಲಿ ಹೋಸ್ ಹಿಡಿದು ನಿಂತ ಮಹಿಳೆಯರ ಫೋಟೊ ಒಂದು ಇಂದಿಗೂ ಹರಿದಾಡುತ್ತಿರುತ್ತದೆ. 1941ರ ಡಿಸೆಂಬರ್ 7ರ ದಾಳಿಯ ದಿನದ್ದು ಎಂಬ ಅಡಿಬರಹ ತಪ್ಪು. ಅದು ಯುದ್ಧಕಾಲದ ತರಬೇತಿಯ ಚಿತ್ರ. ಚಿತ್ರದಲ್ಲಿದ್ದವರೊಬ್ಬರು ಮುದಿತನದಲ್ಲಿ ತಾವೇ ಅದನ್ನು ತಿಳಿಸಿದರು.

ಯುದ್ಧ ಮುಗಿಯಿತು, ಗಂಡಸರು ಮರಳಿದರು, ಹೆಂಗಸರನ್ನು ಕಳುಹಿಸಲಾಯಿತು. ಮುಂದಿನ ಸುಮಾರು 30 ವರ್ಷ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ.

ಕಾನೂನು, ಪರೀಕ್ಷೆ, ಪಂಕ್ತಿ

ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಉದ್ಯೋಗದಲ್ಲಿ ಲಿಂಗಭೇದವನ್ನು ನಿಷೇಧಿಸಿತ್ತು. ಆದರೆ ಅದು ರಾಜ್ಯ, ನಗರಾಡಳಿತಗಳಿಗೂ ಅನ್ವಯವಾದದ್ದು 1972ರ ತಿದ್ದುಪಡಿಯಿಂದ. ಅಗ್ನಿಶಾಮಕ ದಳಗಳು ನಗರಾಡಳಿತದ ಕೈಯಲ್ಲಿರುವುದರಿಂದ ಅಲ್ಲಿಯವರೆಗೆ ಕಾನೂನಿನ ಬಿಸಿ ಅವುಗಳಿಗೆ ತಟ್ಟಿರಲಿಲ್ಲ. ತಿದ್ದುಪಡಿಯ ಬೆನ್ನಿಗೇ, 1973ರಲ್ಲಿ, ಉತ್ತರ ಕೆರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿ ಸಾಂಡ್ರಾ ಫೋರ್ಸಿಯರ್ ಪೊಲೀಸ್ ಮತ್ತು ಅಗ್ನಿಶಾಮಕ ಎರಡೂ ಕೆಲಸ ಸೇರಿದ ಹುದ್ದೆಗೆ ಬಂದರು. 1974ರಲ್ಲಿ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ಜುಡಿತ್ ಲಿವರ್ಸ್ ಪೂರ್ಣಾವಧಿ ಅಗ್ನಿಶಾಮಕರಾದರು. ಬ್ರಿಟನ್ನಿನಲ್ಲಿ 1976ರ ಬರಗಾಲದ ಬೇಸಿಗೆಯಲ್ಲಿ ಮೇರಿ ಜಾಯ್ ಲ್ಯಾಂಗ್ಡನ್ ಈಸ್ಟ್ ಸಸೆಕ್ಸ್ ದಳ ಸೇರಿದರು. ಕೆಲ ವರ್ಷಗಳ ಮೇಲೆ ಅವರು ಕ್ರೈಸ್ತ ಸನ್ಯಾಸಿನಿಯಾದದ್ದು ಈ ಕಥೆಯ ವಿಚಿತ್ರ ತಿರುವು. ಲಂಡನ್ ದಳಕ್ಕೆ ಮೊದಲ ಮಹಿಳೆ, ಸೂ ಬ್ಯಾಟನ್, ಬಂದದ್ದು 1982ರಲ್ಲಿ.

ನ್ಯೂಯಾರ್ಕಿನ ಪ್ರಕರಣವನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಮುಂದೆ ಎಲ್ಲೆಲ್ಲೂ ಎದ್ದ ಪ್ರಶ್ನೆಗಳು ಅಲ್ಲಿ ಒಟ್ಟಿಗೆ ಎದ್ದವು. 1977ರಲ್ಲಿ ಅಲ್ಲಿನ ದಳ ಮೊದಲ ಬಾರಿಗೆ ಮಹಿಳೆಯರಿಗೂ ಪರೀಕ್ಷೆ ಬರೆಯಲು ಬಿಟ್ಟಿತು. ಲಿಖಿತ ಪರೀಕ್ಷೆ ಪಾಸಾದ ಮಹಿಳೆಯರಲ್ಲಿ ಒಬ್ಬರೂ ದೈಹಿಕ ಪರೀಕ್ಷೆ ದಾಟಲಿಲ್ಲ. ಅವರಲ್ಲೊಬ್ಬರು, ಆಗ ಕಾನೂನು ಓದುತ್ತಿದ್ದ ಬ್ರೆಂಡಾ ಬರ್ಕ್‌ಮನ್, ಎಲ್ಲರ ಪರವಾಗಿ ಮೊಕದ್ದಮೆ ಹೂಡಿದರು. ಅವರ ವಾದ ‘ಹೆಂಗಸರಿಗೆ ರಿಯಾಯಿತಿ ಕೊಡಿ’ ಎಂದಲ್ಲ. ಈ ಪರೀಕ್ಷೆ ಅಳೆಯುತ್ತಿರುವ ಶಕ್ತಿಗೂ ಬೆಂಕಿ ಆರಿಸುವ ಕೆಲಸಕ್ಕೂ ಏನು ಸಂಬಂಧ ಎಂದು ತೋರಿಸಿ ಎಂಬುದಾಗಿತ್ತು. ದಳಕ್ಕೆ ಅದನ್ನು ತೋರಿಸಲು ಆಗಲಿಲ್ಲ. 1982ರಲ್ಲಿ ನ್ಯಾಯಾಧೀಶ ಚಾರ್ಲ್ಸ್ ಸಿಫ್ಟನ್ ಮಹಿಳೆಯರ ಪರ ತೀರ್ಪಿತ್ತರು, ಹೊಸ ಪರೀಕ್ಷೆ ರೂಪುಗೊಂಡಿತು, ಆ ವರ್ಷ ಸುಮಾರು 40 ಮಹಿಳೆಯರು ದಳ ಸೇರಿದರು.

ಗೆದ್ದ ಮೇಲಿನದೇ ಕಷ್ಟದ ಭಾಗ. ಫೈರ್ ಸ್ಟೇಷನ್ ಕಚೇರಿಯಲ್ಲ, ಅರ್ಧ ಮನೆ. ಹಗಲು ರಾತ್ರಿ ಅಲ್ಲೇ ಇರಬೇಕು, ಅಲ್ಲೇ ಮಲಗಬೇಕು, ಪಾಳಿಯವರೆಲ್ಲ ಚಂದಾ ಹಾಕಿ ಅಡುಗೆ ಮಾಡಿ ಒಂದೇ ಮೇಜಿನಲ್ಲಿ ಉಣ್ಣಬೇಕು. ಗಂಡಸರು ಸರದಿಯಂತೆ ಸೌಟು ಹಿಡಿಯುವ ಅಪರೂಪದ ಜಾಗ ಅದು. ಅಂಥಲ್ಲಿ ಊಟಕ್ಕೆ ಕರೆಯದಿರುವುದು ಎಂದರೆ ಏನೆಂದು ಪಂಕ್ತಿಭೇದ ಕಂಡ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬರ್ಕ್‌ಮನ್ ಮತ್ತು ಇತರರಿಗೆ ಆದದ್ದು ಅದೇ. 1983ರಲ್ಲಿ ಬರ್ಕ್‌ಮನ್ ಮತ್ತು ಇನ್ನೊಬ್ಬ ಮಹಿಳೆಯನ್ನು ಪರೀಕ್ಷಾವಧಿಯ ಕೊನೆಗೆ ಕೆಲಸದಿಂದ ತೆಗೆಯಲಾಯಿತು. ನ್ಯಾಯಾಲಯ ಮತ್ತೆ ಸೇರಿಸಿತು. ಕ್ಯಾಪ್ಟನ್ ಹುದ್ದೆಗೇರಿ ಬರ್ಕ್‌ಮನ್ 2006ರಲ್ಲಿ ನಿವೃತ್ತರಾದರು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ದಳದ 343 ಮಂದಿ ಸತ್ತರು, ಎಲ್ಲರೂ ಗಂಡಸರು. ಕುಸಿದ ಗೋಪುರಗಳ ರಾಶಿಯಲ್ಲಿ ಬರ್ಕ್‌ಮನ್ ಮತ್ತು ಇತರ ಮಹಿಳಾ ಸಿಬ್ಬಂದಿಯೂ ದುಡಿದರು. ಪತ್ರಿಕೆ, ಟೀವಿಗಳಲ್ಲಿ ಮಾತ್ರ ‘ಫೈರ್‌ಮೆನ್’ ಎಂಬ ಹಳೆಯ ಪದ ರಾತ್ರೋರಾತ್ರಿ ಮರಳಿ ಬಂತು. 11,000ದಷ್ಟು ಬಲದ ಆ ದಳದಲ್ಲಿ ಮಹಿಳೆಯರ ಪಾಲು ತೀರ್ಪು ಬಂದು ಸುಮಾರು 40 ವರ್ಷಗಳಾದಾಗಲೂ ನೂರಕ್ಕೆ ಒಂದರ ಆಸುಪಾಸಿನಲ್ಲೇ ಇತ್ತು.

ದೇಶದ ಒಟ್ಟು ಲೆಕ್ಕ ಇಷ್ಟು ಕೆಟ್ಟದ್ದಲ್ಲ. 2020ರಲ್ಲಿ ಅಮೆರಿಕದ ಅಗ್ನಿಶಾಮಕರಲ್ಲಿ ಮಹಿಳೆಯರು ಶೇ 9. ಅದನ್ನು ಒಡೆದು ನೋಡಿದರೆ ಸ್ವಯಂಸೇವಕರಲ್ಲಿ ಶೇ 11, ಸಂಬಳದವರಲ್ಲಿ ಶೇ 5. ಬಿಟ್ಟಿ ದುಡಿಮೆಯಲ್ಲಿ ಹೆಚ್ಚು, ಸಂಬಳದಲ್ಲಿ ಕಡಿಮೆ. ಈ ಅನುಪಾತ ಬೇರೆ ಬಹಳಷ್ಟು ಕೆಲಸಗಳಲ್ಲೂ ನಾವು ಕಂಡದ್ದೇ.

47 ಕಿಲೊ ನೀರು

‘ಹೆಂಗಸರಿಗೆ ಆ ಶಕ್ತಿ ಎಲ್ಲಿದೆ’ ಎಂಬ ಪ್ರಶ್ನೆಯನ್ನು ನೇರವಾಗಿಯೇ ನೋಡೋಣ. ಭಾರತದ ಠಾಣೆಗಳಲ್ಲಿ ಬಳಸುವ ಸಾಮಾನ್ಯ ಡೆಲಿವರಿ ಹೋಸ್ 63 ಮಿಲಿಮೀಟರ್ ವ್ಯಾಸದ್ದು, ಒಂದು ಉದ್ದ 15 ಮೀಟರ್. ಒಣಗಿದ್ದಾಗ ಸುರುಳಿ ಸುತ್ತಿ ಕಂಕುಳಲ್ಲಿ ಹಿಡಿದು ಓಡಬಹುದು. ನೀರು ತುಂಬಿದ ಗಳಿಗೆಗೆ ಅದರೊಳಗೆ 47 ಲೀಟರ್ ನೀರಿರುತ್ತದೆ, ಅಂದರೆ 47 ಕಿಲೊ. ಎರಡು ಉದ್ದ ಜೋಡಿಸಿದರೆ 94. ಅದರ ಜತೆಗೆ ತುದಿಯ ಬ್ರಾಂಚ್‌ನಿಂದ ನೀರು ಚಿಮ್ಮುವ ರಭಸ ಹಿಡಿದವರನ್ನು ಹಿಂದಕ್ಕೆ ಒದೆಯುತ್ತದೆ. ಹೆಲ್ಮೆಟ್, ದಪ್ಪ ಕೋಟು, ಬೂಟು, ಬೆನ್ನಿನ ಮೇಲಿನ ಉಸಿರಾಟದ ಸಿಲಿಂಡರು ಸೇರಿ ಮೈಮೇಲೆ ಇನ್ನೂ 20 ಕಿಲೊಗೂ ಹೆಚ್ಚು. ಇದನ್ನು ಒಬ್ಬ ಗಂಡಸೂ ಒಂಟಿಯಾಗಿ ಎಳೆದಾಡುವುದಿಲ್ಲ. ಒಬ್ಬರು ಬ್ರಾಂಚ್ ಹಿಡಿದರೆ ಇನ್ನೊಬ್ಬರು ಹಿಂದಿನಿಂದ ಹೋಸಿಗೆ ಭುಜ ಕೊಡುತ್ತಾರೆ. ಕೆಲಸವೇ ಜೋಡಿಯಾಗಿ ಮಾಡುವಂಥದ್ದು. ತೋಳಿನ ಬಲದಷ್ಟೇ ಮೈ ಬಾಗಿಸಿ ನಿಲ್ಲುವ ಚಾಕಚಕ್ಯತೆ ಬೇಕು. ಸರಾಸರಿ ಹೆಣ್ಣಿನ ಭುಜಬಲ ಸರಾಸರಿ ಗಂಡಿಗಿಂತ ಕಡಿಮೆ ಎಂಬುದು ನಿಜ. ದಳಕ್ಕೆ ಸೇರುವವರು ಸರಾಸರಿಯವರಲ್ಲ ಎಂಬುದೂ ಅಷ್ಟೇ ನಿಜ.

ಹೆಚ್ಚು ಕಾಡಿದ್ದು ತೂಕವಲ್ಲ, ಅಳತೆ. ಕೋಟು, ಕೈಗವಸು, ಬೂಟು, ಉಸಿರಾಟದ ಮುಖವಾಡ ಎಲ್ಲವೂ ಬಹುಕಾಲ ಗಂಡಸಿನ ಮೈಕಟ್ಟಿಗೆ ಹೊಲಿದಂಥವು. ಮುಖವಾಡದ ಅಂಚು ಕೆನ್ನೆಗೆ ಬಿಗಿಯಾಗಿ ಕೂರದಿದ್ದರೆ ಹೊಗೆ ಒಳಗೆ ಬರುತ್ತದೆ. ಬೆರಳಿಗಿಂತ ಉದ್ದದ ಕೈಗವಸಿನಲ್ಲಿ ಗಂಟು ಹಾಕುವುದು, ಕಪ್ಲಿಂಗ್ ಜೋಡಿಸುವುದು ತಡವಾಗುತ್ತದೆ. ದೊಡ್ಡ ಬೂಟು ಏಣಿಯ ಮೆಟ್ಟಿಲಲ್ಲಿ ಜಾರುತ್ತದೆ. ಇದನ್ನು ಕಂಡು ‘ನೋಡಿ, ಆಕೆಗೆ ಆಗುವುದಿಲ್ಲ’ ಎಂದವರು, ಆಕೆಯ ಕಾಲಳತೆ ಕೇಳಿರಲಿಲ್ಲ.

ಆರೋಗ್ಯದ ವಿಷಯ ಇನ್ನೂ ಗಂಭೀರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಎಂಬ ಮೊದಲ ಗುಂಪಿಗೆ ಸೇರಿಸಿತು. ಈ ತೀರ್ಮಾನದ ಹಿಂದಿನ ಅಧ್ಯಯನಗಳು ಬಹುಪಾಲು ಗಂಡಸರ ಮೇಲೆ ನಡೆದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಹಿಳಾ ಅಗ್ನಿಶಾಮಕರೇ ಮುಂದೆ ಬಂದು ವಿಜ್ಞಾನಿಗಳ ಜತೆ ತಮ್ಮ ರಕ್ತ ಪರೀಕ್ಷೆ ಮಾಡಿಸಿಕೊಂಡರು. ನೊರೆ ಮತ್ತು ರಕ್ಷಣಾ ಉಡುಪುಗಳಲ್ಲಿ ಇರುವ, ದೇಹದಲ್ಲಿ ಕರಗದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳಲ್ಲಿ ಕೆಲವು ಅದೇ ಊರಿನ ಕಚೇರಿ ಮಹಿಳೆಯರಿಗಿಂತ ಇವರ ರಕ್ತದಲ್ಲಿ ಹೆಚ್ಚಿದ್ದುದು ಕಂಡುಬಂತು. ಬಸುರಿಯಾದ ಸಿಬ್ಬಂದಿಗೆ ಬಿಸಿ, ಕಾರ್ಬನ್ ಮೊನಾಕ್ಸೈಡ್, ಭಾರ ಎಲ್ಲವೂ ಅಪಾಯ. ಆ ತಿಂಗಳುಗಳಲ್ಲಿ ಸಂಬಳ, ಹಿರಿತನ ಕಳೆಯದೆ ನಿಯಂತ್ರಣ ಕೊಠಡಿ, ತರಬೇತಿ, ತಪಾಸಣೆಯಂಥ ಬೇರೆ ಕೆಲಸ ಕೊಡುವ ನಿಯಮ ಇರುವ ದಳಗಳಲ್ಲಿ ಮಹಿಳೆಯರು ಉಳಿಯುತ್ತಾರೆ, ಇಲ್ಲದ ಕಡೆ ಬಿಟ್ಟುಹೋಗುತ್ತಾರೆ.

ಒಂದು ಕಹಿ ಅಡಿಟಿಪ್ಪಣಿಯನ್ನೂ ಇಲ್ಲೇ ಸೇರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಆರಿಸಲು ಜೈಲಿನ ಕೈದಿಗಳನ್ನು ಬಳಸುವ ಶಿಬಿರಗಳಿವೆ. ಹೆಂಗಸರ ಶಿಬಿರಗಳೂ ಇದ್ದವು. ಬೆಂಕಿಯ ಮುಂದೆ ನಿಂತ ಹೊತ್ತಿಗೆ ಗಂಟೆಗೆ ಒಂದು ಡಾಲರ್ ಕೂಲಿ ಸಿಗುತ್ತಿತ್ತು. 2016ರಲ್ಲಿ ಮಲಿಬು ಶಿಬಿರದ 22 ವರ್ಷದ ಕೈದಿಯೊಬ್ಬಳು ಗುಡ್ಡದಿಂದ ಉರುಳಿದ ಬಂಡೆ ಬಡಿದು ಸತ್ತಳು.

ಭಾರತದಲ್ಲಿ

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಬೇರೆ ಬಹಳಷ್ಟು ದೇಶಗಳಲ್ಲಿಲ್ಲದ ಒಂದು ಮುಖವಿದೆ. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, 2001ನೇ ಇಸವಿಯೊಂದರಲ್ಲೇ ಭಾರತದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000 ಮಂದಿ. ಅವರಲ್ಲಿ 1,06,000 ಮಂದಿ ಹೆಂಗಸರು, ಬಹಳಷ್ಟು ಮಂದಿ 15ರಿಂದ 34ರ ಪ್ರಾಯದವರು. ಸೀಮೆಎಣ್ಣೆ ಸ್ಟವ್, ಒಲೆಗೆ ತಾಗಿದ ಸೀರೆಯ ಸೆರಗು, ವರದಕ್ಷಿಣೆಯ ಕೊಲೆ, ಮೈಗೆ ಸುರಿದುಕೊಂಡ ಸೀಮೆಎಣ್ಣೆ ಎಲ್ಲವೂ ಆ ಅಂಕಿಯೊಳಗಿದೆ. ಒಲೆ ಹಚ್ಚುವವಳೂ, ರಾತ್ರಿ ಕೆಂಡಕ್ಕೆ ಬೂದಿ ಮುಚ್ಚುವವಳೂ, ಬೆಂಕಿಗೆ ಬೀಳುವವಳೂ ಹೆಂಗಸೇ ಆಗಿರುವ ದೇಶದಲ್ಲಿ, ಬೆಂಕಿ ಆರಿಸಲು ಬರುವವರು ಮಾತ್ರ ಗಂಡಸರು. ಸ್ನಾನದ ಮನೆಯಲ್ಲೋ ಹೆರಿಗೆ ವಾರ್ಡಿನಲ್ಲೋ ಸಿಕ್ಕಿಕೊಂಡ, ಮೈಮೇಲಿನ ಬಟ್ಟೆ ಸುಟ್ಟುಹೋದ ಹೆಂಗಸನ್ನು ಹೊತ್ತು ತರುವಾಗ ತಂಡದಲ್ಲಿ ಒಬ್ಬ ಹೆಣ್ಣಿದ್ದರೆ ಎಷ್ಟು ಹಗುರ ಎಂಬುದಕ್ಕೆ ಅಧ್ಯಯನ ಬೇಕಿಲ್ಲ. 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಗೆ ಬೆಂಕಿ ಬಿದ್ದಾಗ ಹೊಗೆಯೊಳಗಿಂದ ಒಬ್ಬೊಬ್ಬರೇ ರೋಗಿಗಳನ್ನು ಹೊರಗೆ ಸಾಗಿಸಿ, ಮತ್ತೆ ಒಳಗೆ ಹೋಗಿ ಪ್ರಾಣ ಬಿಟ್ಟವರು ಕೇರಳದ ಇಬ್ಬರು ಎಳೆಯ ನರ್ಸುಗಳು. ಸಮವಸ್ತ್ರ ಬೇರೆಯದು, ಮಾಡಿದ ಕೆಲಸ ಇದೇ.

ಅಗ್ನಿಶಾಮಕ ಸೇವೆ ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತದ ವಿಷಯಗಳ ಪಟ್ಟಿಯಲ್ಲಿದೆ. ಮಹಾರಾಷ್ಟ್ರದಂಥ ಕಡೆ ಪಾಲಿಕೆಗಳ ದಳಗಳಿವೆ, ಕರ್ನಾಟಕ, ತಮಿಳುನಾಡು, ಕೇರಳಗಳಲ್ಲಿ ರಾಜ್ಯ ಸರ್ಕಾರದ ಇಲಾಖೆಗಳಿವೆ, ಎಣ್ಣೆ ಕಂಪನಿ, ವಿಮಾನ ನಿಲ್ದಾಣಗಳಿಗೆ ತಮ್ಮದೇ ದಳಗಳಿವೆ. ಮಹಿಳೆಯರ ನೇಮಕಾತಿಯೂ ಹಾಗಾಗಿ ಊರಿಗೊಂದು ರೀತಿ.

ಅಧಿಕಾರಿಗಳ ದರ್ಜೆಯಲ್ಲಿ ಬಾಗಿಲು ಮೊದಲು ತೆರೆಯಿತು. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು 1956ರಲ್ಲಿ ಆರಂಭವಾದದ್ದು. 2002ರವರೆಗೆ ಅಲ್ಲಿ ಒಬ್ಬ ವಿದ್ಯಾರ್ಥಿನಿಯೂ ಇರಲಿಲ್ಲ. ಆ ವರ್ಷ ಅದೇ ಊರಿನ ಹರ್ಷಿಣಿ ಕಾನ್ಹೇಕರ್ ಪ್ರವೇಶ ಪಡೆದರು. ಎಲ್ಲರೂ ಹಾಸ್ಟೆಲಿನಲ್ಲೇ ಇರಬೇಕೆಂಬ ನಿಯಮ, ಹಾಸ್ಟೆಲೋ ಹುಡುಗರದು. ಕೊನೆಗೆ ಅವರಿಗೆ ಮನೆಯಿಂದ ಓಡಾಡಲು ವಿಶೇಷ ಅನುಮತಿ ಸಿಕ್ಕಿತು. ಓದು ಮುಗಿಸಿ 2006ರಲ್ಲಿ ಒಎನ್‌ಜಿಸಿ ಸೇರಿ, ಗುಜರಾತಿನ ಮೆಹ್ಸಾಣದಲ್ಲಿ ತೈಲಬಾವಿಗಳ ಬೆಂಕಿಯ ಹೊಣೆ ಹೊತ್ತರು. ಭಾರತದ ಮೊದಲ ಮಹಿಳಾ ಅಗ್ನಿಶಾಮಕ ಎಂದು ಪತ್ರಿಕೆಗಳು ಕರೆಯುವುದು ಸಾಮಾನ್ಯವಾಗಿ ಇವರನ್ನು.

ತಮಿಳುನಾಡು ಆ ಹೊತ್ತಿಗಾಗಲೇ, 2003ರಲ್ಲಿ, ಪ್ರಿಯಾ ರವಿಚಂದ್ರನ್ ಮತ್ತು ಮೀನಾಕ್ಷಿ ವಿಜಯಕುಮಾರ್ ಅವರನ್ನು ನೇರ ನೇಮಕಾತಿಯಲ್ಲಿ ಅಧಿಕಾರಿಗಳಾಗಿ ತೆಗೆದುಕೊಂಡಿತ್ತು. 2012ರ ಜನವರಿಯಲ್ಲಿ ಚೆನ್ನೈನ ಚೇಪಾಕ್‌ನಲ್ಲಿ, ಸರ್ಕಾರಿ ಕಚೇರಿಗಳಿದ್ದ ಎಳಿಲಗಂ ಆವರಣದ ಹಳೆಯ ಅರಮನೆ ಕಟ್ಟಡ ಹೊತ್ತಿಕೊಂಡಿತು. ಒಳಗೆ ತಂಡದ ಮುಂದೆ ನಿಂತಿದ್ದ ಪ್ರಿಯಾ ಅವರ ಮೇಲೆ ಉರಿಯುವ ಅವಶೇಷ ಕುಸಿಯಿತು. ಅವರಿಗೆ ತೀವ್ರ ಸುಟ್ಟಗಾಯಗಳಾದವು, ದಳದ ಒಬ್ಬ ಸಿಬ್ಬಂದಿ ಸತ್ತರು. ಗುಣಮುಖರಾಗಿ ಅವರು ಅದೇ ಕೆಲಸಕ್ಕೆ ಮರಳಿದರು. ರಾಜ್ಯ ಸರ್ಕಾರ ಶೌರ್ಯಕ್ಕಾಗಿ ಅಣ್ಣಾ ಪದಕ ಕೊಟ್ಟಿತು.

ಹೋಸ್ ಹಿಡಿಯುವ ದರ್ಜೆಯಲ್ಲಿ ಮಹಾರಾಷ್ಟ್ರದ ನಗರಗಳು ಮುಂದಿವೆ. ಅಲ್ಲಿನ ಸರ್ಕಾರಿ ನೇಮಕಾತಿಯ ಶೇ 30 ಮಹಿಳಾ ಮೀಸಲು ಪಾಲಿಕೆಯ ದಳಗಳಿಗೂ ಬಂತು. ಮುಂಬೈ ದಳ 2010ರ ದಶಕದಲ್ಲಿ ಮಹಿಳೆಯರನ್ನು ತಂಡತಂಡವಾಗಿ ತೆಗೆದುಕೊಂಡಿತು. ಈ ಕೆಲಸಕ್ಕೆ ಹೆಣ್ಣುಮಕ್ಕಳು ಬರುವುದಿಲ್ಲ ಎನ್ನುವವರು 2023ರ ಫೆಬ್ರವರಿಯಲ್ಲಿ ಮುಂಬೈನ ದಹಿಸರ್‌ನಲ್ಲಿ ನಡೆದದ್ದನ್ನು ನೆನೆಯಬೇಕು. ದೂರದ ಜಿಲ್ಲೆಗಳಿಂದ ಬಂದು ಸಾಲುಗಟ್ಟಿದ್ದ ಹುಡುಗಿಯರು, ಎತ್ತರವನ್ನು ಸರಿಯಾಗಿ ಅಳೆಯಲಿಲ್ಲ ಎಂದು ಮೈದಾನದಲ್ಲೇ ಪ್ರತಿಭಟನೆಗಿಳಿದರು. ಬೇಕಿದ್ದ ಎತ್ತರ 162 ಸೆಂಟಿಮೀಟರ್. ಅಲ್ಲಿ ಜಗಳವಾದದ್ದು ಒಂದೆರಡು ಸೆಂಟಿಮೀಟರಿಗೆ. ಆಸೆಗೆ ಏನೂ ಕೊರತೆ ಇರಲಿಲ್ಲ.

ವಿಮಾನ ನಿಲ್ದಾಣಗಳ ಬೆಂಕಿ ಬೇರೆ ಜಾತಿಯದು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಕರೆ ಬಂದ ಮೂರು ನಿಮಿಷದೊಳಗೆ ರನ್‌ವೇಯ ಯಾವುದೇ ತುದಿಗೆ ತಲುಪಿ ನೊರೆ ಚಿಮ್ಮಿಸಬೇಕು. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ 2018ರಲ್ಲಿ ಕೋಲ್ಕತ್ತದ ತಾನಿಯಾ ಸನ್ಯಾಲ್ ಅವರನ್ನು ತನ್ನ ಮೊದಲ ಮಹಿಳಾ ಅಗ್ನಿಶಾಮಕರಾಗಿ ನೇಮಿಸಿತು. ಅವರು ಓದಿದ್ದು ಸಸ್ಯಶಾಸ್ತ್ರ. ಗೋವಾದ ಮೋಪಾ ನಿಲ್ದಾಣದಲ್ಲಿ ದಿಶಾ ನಾಯಕ್ ದೈತ್ಯ ಗಾತ್ರದ ಕ್ರ್ಯಾಶ್ ಫೈರ್ ಟೆಂಡರನ್ನೇ ಓಡಿಸುತ್ತಾರೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ದಳದಲ್ಲೂ ಮಹಿಳೆಯರಿದ್ದಾರೆ.

ಮೇಲಿನ ಕುರ್ಚಿ

ಅಮೆರಿಕದಲ್ಲಿ ಮಹಿಳೆಯೊಬ್ಬರು ದಳದ ಮುಖ್ಯಸ್ಥರಾಗುವುದು 1990ರ ದಶಕದಿಂದ ಆರಂಭವಾಯಿತು. ಜೋಆನ್ ಹೇಸ್-ವೈಟ್ 2004ರಿಂದ 15 ವರ್ಷ ಸ್ಯಾನ್ ಫ್ರಾನ್ಸಿಸ್ಕೊ ದಳವನ್ನು ನಡೆಸಿದರು, ಅವರ ನಂತರವೂ ಮಹಿಳೆಯೇ ಬಂದರು. ಆದರೆ ಈ ಕುರ್ಚಿಯ ಬುಡಕ್ಕೆ ಬೆಂಕಿ ಬೇಗ ತಗಲುತ್ತದೆ. ಲಂಡನ್ ದಳದ ಮೊದಲ ಮಹಿಳಾ ಕಮಿಷನರ್ ಡ್ಯಾನಿ ಕಾಟನ್ 2017ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು, ಜೂನ್‌ನಲ್ಲಿ ಗ್ರೆನ್‌ಫೆಲ್ ವಸತಿ ಗೋಪುರ ಉರಿದು 72 ಮಂದಿ ಸತ್ತರು. ವಿಚಾರಣಾ ವರದಿಯ ಟೀಕೆಗಳ ಬಳಿಕ 2019ರ ಕೊನೆಗೆ ಅವರು ಹುದ್ದೆ ಬಿಟ್ಟರು. ಅದೇ ದಳದ ಒಳಗೆ ಹೆಣ್ಣುದ್ವೇಷವೂ ಜನಾಂಗದ್ವೇಷವೂ ಬೇರುಬಿಟ್ಟಿವೆ ಎಂದು 2022ರ ಸ್ವತಂತ್ರ ವರದಿ ಹೇಳಿತು. ಲಾಸ್ ಏಂಜಲೀಸ್‌ನ ಮೊದಲ ಮಹಿಳಾ ಮುಖ್ಯಸ್ಥೆ ಕ್ರಿಸ್ಟಿನ್ ಕ್ರೌಲಿ ಅವರನ್ನು 2025ರ ಜನವರಿಯ ಪ್ಯಾಲಿಸೇಡ್ಸ್ ಕಾಡ್ಗಿಚ್ಚಿನ ಮುಂದಿನ ತಿಂಗಳೇ ಮೇಯರ್ ತೆಗೆದುಹಾಕಿದರು. ಆ ಬೆಂಕಿಗೆ ಗಾಳಿ, ಒಣಹವೆ, ನೀರಿನ ಒತ್ತಡ ಎಲ್ಲ ಕಾರಣಗಳಿದ್ದವು; ಮುಖ್ಯಸ್ಥೆ ಹೆಂಗಸಾಗಿದ್ದುದೇ ಕಾರಣ ಎಂದವರೂ ಇದ್ದರು. ಗಂಡಸು ಮುಖ್ಯಸ್ಥನಾಗಿದ್ದಾಗ ಊರು ಸುಟ್ಟರೆ ಅದಕ್ಕೆ ಆತ ಗಂಡಸಾಗಿದ್ದುದೇ ಕಾರಣ ಎಂದು ಯಾರೂ ಬರೆದದ್ದಿಲ್ಲ.

ಕರ್ನಾಟಕ ಮತ್ತು ನೆರೆರಾಜ್ಯ

ಕರ್ನಾಟಕದ ಅಗ್ನಿಶಾಮಕ ಇಲಾಖೆ 1964ರ ಕಾಯ್ದೆಯಿಂದ ರೂಪುಗೊಂಡದ್ದು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಅದಕ್ಕೆ ಆರ್.ಎ. ಮುಂಡ್ಕೂರ್ ಹೆಸರಿನ ಸ್ವಂತ ಅಕಾಡೆಮಿ ಇದೆ. ಗಂಟೆ ಬಾರಿಸಿದೊಡನೆ ಗಾಡಿ ಹತ್ತುವ ಸಿಬ್ಬಂದಿಯಲ್ಲಿ ಮಾತ್ರ ಮಹಿಳೆಯರು ಕಾಣಸಿಗುವುದು ಅಪರೂಪ. ರಾಜ್ಯದ ನೇಮಕಾತಿಯಲ್ಲಿ ಹೆಂಗಸರಿಗೆ ಶೇ 33 ಮೀಸಲಿದ್ದರೂ, ಪೊಲೀಸ್ ಠಾಣೆಯಲ್ಲಿ ಮಹಿಳೆಯರನ್ನು ಕಂಡು ಬೆಳೆದ ತಲೆಮಾರು ಫೈರ್ ಸ್ಟೇಷನ್ನಿನಲ್ಲಿ ಅವರನ್ನು ಕಂಡಿಲ್ಲ.

ಆದರೂ ರಾಜ್ಯದಲ್ಲಿ ಹೆಂಗಸರು ಬೆಂಕಿಯೊಡನೆ ಸೆಣಸುತ್ತಲೇ ಇಲ್ಲ ಎಂದಲ್ಲ. ಅರಣ್ಯ ಇಲಾಖೆಯಲ್ಲಿ ಗಸ್ತು ತಿರುಗುವ ಮಹಿಳೆಯರಿದ್ದಾರೆ. ಚಳಿಗಾಲ ಕಳೆಯುವ ಹೊತ್ತಿಗೆ ಹುಲ್ಲು, ತರಗೆಲೆ ಸವರಿ ಬೆಂಕಿ ರೇಖೆ ಬಿಡಿಸುವುದು, ಶಿವರಾತ್ರಿಯ ಆಚೀಚೆ ಕಾಡು ಒಣಗಿದಾಗ ಹೊಗೆ ಕಂಡತ್ತ ಓಡಿ, ಹಸಿ ಸೊಪ್ಪಿನ ಕೊಂಬೆ ಮುರಿದು ಬೆಂಕಿಯ ಅಂಚನ್ನು ಬಡಿಯುತ್ತಾ ಹೋಗುವುದು ಅವರ ಕೆಲಸದ ಭಾಗ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ನಾಡು ಕಂಡದ್ದು ಇಂಥ ಸೊಪ್ಪಿನ ಕೊಂಬೆಗಳ ಕಾದಾಟವನ್ನೇ. ಆ ಹುದ್ದೆಯ ಹೆಸರಿನಲ್ಲಿ ‘ಅಗ್ನಿ’ ಇಲ್ಲ, ಅಷ್ಟೇ.

ನೆರೆಯ ಕೇರಳ ಮಾಡಿದ್ದು ಇಷ್ಟು: ಮಹಿಳೆಯರಿಗೆಂದೇ ಅಗ್ನಿಶಾಮಕ ಹುದ್ದೆಗಳನ್ನು ಮಂಜೂರು ಮಾಡಿ, ಅರ್ಜಿ ಕರೆದು, ಆಯ್ಕೆಯಾದವರಿಗೆ ಈಜು, ಏಣಿ, ಹೋಸ್, ಹಗ್ಗ ಎಲ್ಲವನ್ನೂ ಕಲಿಸಿತು. 82 ಮಂದಿಯ ಮೊದಲ ತಂಡ 2024ರಲ್ಲಿ ತರಬೇತಿ ಮುಗಿಸಿ ಜಿಲ್ಲೆಗಳ ಠಾಣೆಗಳಿಗೆ ಹೋಯಿತು. ಅವರು ಕಲಿತ ಅಕಾಡೆಮಿ ಇರುವುದು ತ್ರಿಶೂರ್‌ನಲ್ಲಿ. ಮೈಸೂರಿನಿಂದ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ತಲುಪಬಹುದು.